ಆಚಾರ್ರ ಮೆಷಿನ್ನು, ಯಜಮಾನರ ಮೆಷಿನ್ನು

ಬೆಂಗಳೂರಿನಲ್ಲಿ ಇಂಟೀರಿಯರ್ ಕೆಲಸ ನಡೆಯುತ್ತಿರುವ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಪ್ಲೈವುಡ್ ಕೊಯ್ಯುವ ಆಚಾರ್ರ ಕೈಯಲ್ಲಿರುವುದು ಹೆಸರು ಅಳಿಸಿಹೋದ, ವೈರಿಗೆ ಅಲ್ಲಲ್ಲಿ ಕಪ್ಪು ಟೇಪು ಸುತ್ತಿದ, ಒಂದೂವರೆ-ಎರಡು ಸಾವಿರದ ಮೆಷಿನ್ನು. ಆ ಮನೆಯ ಯಜಮಾನರದ್ದೇ ಬೇರೆ. ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅಚ್ಚುಕಟ್ಟಾದ ಗೂಡು, ಗೂಡಿನೊಳಗೆ ನುಣ್ಣನೆಯ ನೀಲಿ ಡ್ರಿಲ್ಲು, ಡ್ರಿಲ್ಲಿನ ಮೈಮೇಲೆ ‘ಪ್ರೊಫೆಷನಲ್’ ಎಂಬ ಬಿರುದು. ಹೊಟ್ಟೆಪಾಡಿಗೆ ಮೆಷಿನ್ ಹಿಡಿದವನದು ಅಗ್ಗದ್ದು, ಹೊತ್ತು ಹೋಗದೆ ಹಿಡಿದವನದು ದುಬಾರಿಯದ್ದು. ಕಾಲ ಕೆಟ್ಟಿತು ಎನ್ನಲು ಇನ್ನೇನು ಬೇಕು?

ಕಾಲ ಕೆಟ್ಟಿಲ್ಲ ಸ್ವಾಮಿ. ಕೂತು ಲೆಕ್ಕ ಹಾಕಿದರೆ ಆಚಾರ್ರು ಸರಿಯಾಗಿಯೇ ಇದ್ದಾರೆ. ವಿಚಾರಣೆ ಆಗಬೇಕಾದ್ದು ಯಜಮಾನರದ್ದು.

ಮೊದಲು ಅವರ ಗೋಡೆಯನ್ನೇ ಎಣಿಸೋಣ. ಎರಡು ಬೆಡ್‌ರೂಮಿನ ಮನೆ. ನಾಲ್ಕು ಕಿಟಕಿ, ಕಿಟಕಿಗೆರಡು ಬ್ರ್ಯಾಕೆಟ್, ಬ್ರ್ಯಾಕೆಟ್ಟಿಗೆರಡು ಸ್ಕ್ರೂ. ಅಲ್ಲಿಗೆ 16 ತೂತು. ಟೀವಿಗೆ 4, ದೇವರ ಮಂಟಪಕ್ಕೆ 4, ಬಚ್ಚಲುಮನೆಯ ಟವಲ್ ರಾಡಿಗೆ 4, ಕನ್ನಡಿಗೆ 2, ಗಡಿಯಾರಕ್ಕೆ 1. ಮಾವನವರ ಫೋಟೋಗೆ 1, ಅದಿಲ್ಲದೆ ಗೃಹಪ್ರವೇಶವೇ ಪೂರ್ತಿಯಾಗುವುದಿಲ್ಲ. ಒಟ್ಟು 32. ಒಂದು ತೂತಿಗೆ ಅರ್ಧ ನಿಮಿಷ ಎಂದಿಟ್ಟುಕೊಂಡರೆ ಡ್ರಿಲ್ಲು ತಿರುಗುವುದು ಹದಿನಾರು ನಿಮಿಷ. ಆಮೇಲೆ ಮಗಳು ಡ್ಯಾನ್ಸ್ ಸ್ಪರ್ಧೆಯಲ್ಲಿ ಗೆದ್ದು ಫಲಕ ತರುವತನಕ ಆ ಮೆಷಿನ್ನಿಗೆ ಕೆಲಸವಿಲ್ಲ. ಈ ಹದಿನಾರು ನಿಮಿಷಕ್ಕಾಗಿ ಯಜಮಾನರು ಒಂದು ತಿಂಗಳು ರಾತ್ರಿ ನಿದ್ದೆಗೆಟ್ಟು ಯೂಟ್ಯೂಬ್ ನೋಡಿದ್ದಾರೆ. ಟಾರ್ಕ್ ಎಂದರೇನು, ಬ್ರಷ್‌ಲೆಸ್ ಎಂದರೇನು, ಜಪಾನಿನ ಚಕ್ಕಿಗೂ ಚೀನಾದ ಚಕ್ಕಿಗೂ ವ್ಯತ್ಯಾಸವೇನು, ಎಲ್ಲ ಬಾಯಿಪಾಠ. ಮನೆಯವರು ಒಂದೇ ಪ್ರಶ್ನೆ ಕೇಳಿದರು: “ಒಂದು ಮೊಳೆ ಹೊಡೆದರೆ ಆಗಲ್ವೇನ್ರೀ?” ಅದಕ್ಕೆ ಯೂಟ್ಯೂಬಿನಲ್ಲಿ ಉತ್ತರ ಸಿಗಲಿಲ್ಲ.

ಇನ್ನು ಅಂಗಡಿಗೆ ಬರೋಣ. ಎಸ್.ಪಿ. ರಸ್ತೆಯ ಕಡೆ ಹೋದವರಿಗೆ ಗೊತ್ತು. ಆರಡಿ ಅಗಲದ ಅಂಗಡಿ, ನೆಲದಿಂದ ಚಾವಣಿಯವರೆಗೆ ಡಬ್ಬ, ಡಬ್ಬಗಳ ನಡುವೆ ಸಿಕ್ಕಿಕೊಂಡಂತೆ ಕೂತ ಮಾಲೀಕ. ಅವನು ಕೇಳುವುದು ಒಂದೇ ಪ್ರಶ್ನೆ: “ಮನೆಗಾ ಸಾರ್, ಕೆಲಸಕ್ಕಾ?” ಜಗತ್ತಿನ ಟೂಲ್ ಕಂಪನಿಗಳೆಲ್ಲ ದಶಕಗಳಿಂದ ತಲೆಕೆಡಿಸಿಕೊಂಡಿರುವ ಪ್ರಶ್ನೆ ಇದೇ. ‘ಮನೆಗೆ’ ಎಂದರೆ ಮರ್ಯಾದೆ ಹೋಗುತ್ತದೆಂದು ಯಜಮಾನರು ಗಂಟಲು ಸರಿಮಾಡಿಕೊಂಡು “ಹೆವಿ ಡ್ಯೂಟೀದೇ ಕೊಡಿ” ಎನ್ನುತ್ತಾರೆ. ಮಾಲೀಕ ಅವರ ಅಂಗೈ ಕಡೆ ಒಮ್ಮೆ ನೋಡುತ್ತಾನೆ. ಕೀಬೋರ್ಡ್ ಬಿಟ್ಟು ಬೇರೇನೂ ಮುಟ್ಟದ ಅಂಗೈ. ಮಾತಾಡದೆ ಮೇಲಿನ ಸಾಲಿನ ಡಬ್ಬ ಇಳಿಸುತ್ತಾನೆ. ಹೆವಿ ಆಗುವುದು ಬಿಲ್ಲು, ಡ್ಯೂಟಿ ಪೆಟ್ಟಿಗೆಯದು.

ಬೆಂಗಳೂರಿನ ಹಳಬರಿಗೆ ನೀಲಿಯ ಮೇಲೆ ಮೋಹ ಬರಲು ಇನ್ನೊಂದು ಕಾರಣವೂ ಇದೆ. ಆಡುಗೋಡಿಯ ಮೈಕೋ ಕಾರ್ಖಾನೆ 1950ರ ದಶಕದಿಂದ ಈ ಊರಿನ ಎಷ್ಟೋ ಮನೆಗಳ ಒಲೆ ಉರಿಸಿದೆ. ಅಲ್ಲಿ ಮಾಡುತ್ತಿದ್ದದ್ದು ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು, ಡ್ರಿಲ್ಲಲ್ಲ. ಆದರೆ ಹಿಂದಿದ್ದದ್ದು ನೀಲಿ ಡ್ರಿಲ್ಲಿನ ಜರ್ಮನ್ ಸಂಸ್ಥೆ ಬಾಷ್. 2008ರಲ್ಲಿ ಮೈಕೋ ಹೆಸರೇ ಬಾಷ್ ಆಯಿತು. “ನಮ್ಮ ದೊಡ್ಡಪ್ಪ ಮೈಕೋದಲ್ಲಿದ್ರು, ಆ ಕ್ವಾಲಿಟಿ ನಮಗೆ ಗೊತ್ತು” ಎಂದು ನೀಲಿ ಡ್ರಿಲ್ಲು ಕೊಳ್ಳುವವರನ್ನು ಕಂಡಿದ್ದೇನೆ. ದೊಡ್ಡಪ್ಪನವರು ಇದ್ದದ್ದು ಕ್ಯಾಂಟೀನ್ ವಿಭಾಗದಲ್ಲಿ. ಇರಲಿ, ಕ್ವಾಲಿಟಿ ಅಲ್ಲೂ ಇತ್ತಂತೆ.

ಬಣ್ಣದ ಮೋಹ ನಮ್ಮ ಯಜಮಾನರೊಬ್ಬರದೇ ಎಂದುಕೊಂಡು ನಗಬೇಡಿ. ಅಮೆರಿಕದ ಪಳಗಿದ ಬಡಗಿಗಳೂ ಇದೇ ರಾಗ ಹಾಡಿದವರು. ಬ್ಲ್ಯಾಕ್ ಅಂಡ್ ಡೆಕರ್ ಎಂಬ ಕಂಪನಿ 1910ರಲ್ಲಿ ಬಾಲ್ಟಿಮೋರಿನಲ್ಲಿ ಶುರುವಾಯಿತು. ಇವತ್ತು ನಾವು ಡ್ರಿಲ್ಲನ್ನು ಪಿಸ್ತೂಲಿನ ಹಾಗೆ ಹಿಡಿದು ಬೆರಳಲ್ಲಿ ಸ್ವಿಚ್ಚು ಒತ್ತುತ್ತೇವಲ್ಲ, ಆ ಹಿಡಿಗೆ 1917ರಲ್ಲಿ ಪೇಟೆಂಟ್ ಪಡೆದವರು ಅವರೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯ ಕೆಲಸಗಾರರು ಡ್ರಿಲ್ಲುಗಳನ್ನು ಸದ್ದಿಲ್ಲದೆ ಮನೆಗೆ ಒಯ್ಯತೊಡಗಿದರಂತೆ. ಬೇರೆಯವರಾಗಿದ್ದರೆ ಗೇಟಿನಲ್ಲಿ ವಾಚ್‌ಮನ್ ಹೆಚ್ಚಿಸುತ್ತಿದ್ದರು. ಇವರು ‘ಓಹೋ, ಮನೆಯಲ್ಲೂ ಗಿರಾಕಿ ಇದ್ದಾರೆ’ ಎಂದುಕೊಂಡು 1946ರಲ್ಲಿ ಮನೆಬಳಕೆಗೆಂದೇ ಅಗ್ಗದ ಡ್ರಿಲ್ಲುಗಳ ಸಾಲು ಹೊರತಂದರು. ಅಗ್ಗದ ಮೆಷಿನ್ನಿನ ವಂಶಾವಳಿ ತೆಗೆದರೆ ಮೂಲಪುರುಷ ಒಬ್ಬ ಕಳ್ಳ ಎಂದಾಯಿತು.

ಆಮೇಲೆ ಎಡವಟ್ಟಾಯಿತು. 1984ರಲ್ಲಿ ಅದೇ ಕಂಪನಿ ಜನರಲ್ ಎಲೆಕ್ಟ್ರಿಕ್‌ನ ಸಣ್ಣ ಗೃಹೋಪಕರಣಗಳ ವ್ಯವಹಾರವನ್ನು ಕೊಂಡಿತು. ಟೋಸ್ಟರಿನ ಮೇಲೂ ಅದೇ ಹೆಸರು, ಇಸ್ತ್ರಿಪೆಟ್ಟಿಗೆಯ ಮೇಲೂ ಅದೇ ಹೆಸರು. ಬೆಳಿಗ್ಗೆ ಬ್ರೆಡ್ ಸುಟ್ಟುಕೊಟ್ಟ ಹೆಸರನ್ನೇ ಕೈಯಲ್ಲಿ ಹಿಡಿದು ಸೈಟಿಗೆ ಹೋದರೆ ಜೊತೆಯವರು ಸುಮ್ಮನಿರುತ್ತಾರೆಯೇ? ಮೆಷಿನ್ ಚೆನ್ನಾಗಿದ್ದರೂ ಬಡಗಿಗಳು ಬೇರೆ ಅಂಗಡಿ ಹುಡುಕಿದರು. ಕಂಪನಿಯವರು 1960ರಲ್ಲೇ ಕೊಂಡು ಮೂಲೆಗಿಟ್ಟಿದ್ದ ಡಿವಾಲ್ಟ್ ಎಂಬ ಹೆಸರನ್ನು ಧೂಳು ಕೊಡವಿ, ಹಳದಿ ಬಣ್ಣ ಬಳಿದು 1992ರಲ್ಲಿ ಬಿಟ್ಟರು. ಅದೇ ಬಡಗಿಗಳು ಅದೇ ಕಂಪನಿಯ ಹಳದಿ ಮೆಷಿನ್ನನ್ನು ಮುಗಿಬಿದ್ದು ಕೊಂಡರು. ಅಳಿಯ ಅಲ್ಲ, ಮಗಳ ಗಂಡ! ಮಿಲ್ವಾಕೀ ಎಂಬ ಕೆಂಪು ದುಬಾರಿ, ರ‍್ಯೋಬಿ ಎಂಬ ಹಸುರು ಅಗ್ಗ, ಎರಡೂ ಹಾಂಗ್‌ಕಾಂಗಿನ ಟಿಟಿಐ ಎಂಬ ಒಂದೇ ಸಂಸ್ಥೆಯ ಮಾಲು. ಬಾಷ್‌ನವರೂ ಯುರೋಪಿನಲ್ಲಿ ಕಸುಬಿನವರಿಗೆ ನೀಲಿ, ಮನೆಯವರಿಗೆ ಹಸುರು ಎಂದು ಪಂಕ್ತಿ ಬೇರೆ ಮಾಡಿದ್ದಾರೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ತೂಗುವುದು ನೀಲಿಯೇ. ಹಾಗಾಗಿ ಒಂದು ಕ್ಯಾಲೆಂಡರ್ ತೂಗುಹಾಕಲು ಹೊರಟವನೂ ಇಲ್ಲಿ ಪ್ರೊಫೆಷನಲ್ಲೇ.

ಹಾಗಾದರೆ ಅಗ್ಗಕ್ಕೂ ದುಬಾರಿಗೂ ಬಣ್ಣವೊಂದೇ ವ್ಯತ್ಯಾಸವೇ? ಛೆ, ಅಷ್ಟು ಅನ್ಯಾಯ ಮಾಡಬಾರದು. ಒಳಗೆ ಬಿಚ್ಚಿ ನೋಡಿದರೆ ದುಡ್ಡು ಎಲ್ಲಿ ಹೋಗಿದೆಯೆಂದು ಗೊತ್ತಾಗುತ್ತದೆ. ಮೋಟರಿನ ವೈಂಡಿಂಗು ತಾಮ್ರದ್ದೋ ಅಲ್ಯುಮಿನಿಯಮ್ಮಿನದ್ದೋ? ಒಂದೇ ಗಾತ್ರದ ತಂತಿಯಾದರೆ ಅಲ್ಯುಮಿನಿಯಂ ಒಂದೂವರೆ ಪಟ್ಟಿಗಿಂತ ಹೆಚ್ಚು ಅಡ್ಡಿ ಮಾಡುತ್ತದೆ, ಅಷ್ಟೂ ಬಿಸಿಯಾಗುತ್ತದೆ. ತಿರುಗುವ ಕಡೆ ಬಾಲ್ ಬೇರಿಂಗು ಇದೆಯೋ, ಬರೀ ಬುಷ್ ಕೂರಿಸಿ ಕೈತೊಳೆದುಕೊಂಡಿದ್ದಾರೋ? ಗೇರು ಕೂತಿರುವ ಮನೆ ಲೋಹದ್ದೋ ಪ್ಲಾಸ್ಟಿಕ್ಕಿನದೋ? ಇವೆಲ್ಲ ಹದಿನಾರು ನಿಮಿಷದಲ್ಲಿ ಗೊತ್ತಾಗುವ ಗುಣಗಳಲ್ಲ. ಹದಿನಾರು ದಿನ ಎಡೆಬಿಡದೆ ದುಡಿಸಿದಾಗ ಒಂದು ಹೊಗೆಯಾಡುತ್ತದೆ, ಇನ್ನೊಂದು ಆಡುವುದಿಲ್ಲ.

ಡಬ್ಬದ ಮೇಲಿನ ವ್ಯಾಟ್ ನೋಡಿ ಮರುಳಾಗಬೇಡಿ. ವ್ಯಾಟ್ ಎಂದು ಬರೆದಿರುವುದು ಮೆಷಿನ್ನು ಗೋಡೆಯ ಪ್ಲಗ್ಗಿನಿಂದ ಎಳೆದುಕೊಳ್ಳುವ ಕರೆಂಟಿನ ಲೆಕ್ಕ. ಅದರಲ್ಲಿ ಎಷ್ಟು ಬಿಟ್ಟಿನ ತುದಿಗೆ ಮುಟ್ಟುತ್ತದೆ, ಎಷ್ಟು ಬಿಸಿಯಾಗಿ ನಿಮ್ಮ ಅಂಗೈ ಕಾಯಿಸುತ್ತದೆ ಎಂದು ಹೆಚ್ಚಿನವರು ಬರೆಯುವುದಿಲ್ಲ. ಹೆಸರಿಲ್ಲದ ಡಬ್ಬಗಳಂತೂ 850, 1000, 1200 ಎಂದು ಹರಾಜು ಕೂಗುತ್ತವೆ. ಅದಕ್ಕೊಂದು ಹಳ್ಳಿಮದ್ದಿದೆ: ಎರಡೂ ಕೈಯಲ್ಲಿ ಒಂದೊಂದು ಎತ್ತಿ ತೂಗಿ. ತಾಮ್ರಕ್ಕೂ ಕಬ್ಬಿಣಕ್ಕೂ ತೂಕವಿದೆ, ಸುಳ್ಳಿಗೆ ಇಲ್ಲ. ‘ಸಾವಿರ ವ್ಯಾಟ್’ ಎಂದು ಬರೆಸಿಕೊಂಡದ್ದು ಪಕ್ಕದ ಆರುನೂರರದ್ದಕ್ಕಿಂತ ಹಗುರವಾಗಿದ್ದರೆ, ಉಳಿದ ನಾನೂರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸೇರಿಕೊಂಡದ್ದು.

ಇಷ್ಟೆಲ್ಲ ಗೊತ್ತಿದ್ದೂ ಆಚಾರ್ರು ಯಾಕೆ ಅಗ್ಗದ್ದನ್ನು ಹಿಡಿದಿದ್ದಾರೆ? ನಮ್ಮ ಬೀದಿಯಲ್ಲಿ ಅಡುಗೆಮನೆಯ ಕಪಾಟು ಮಾಡುತ್ತಿದ್ದವರನ್ನೇ ಕೇಳಿದೆ. “ಏನು ಆಚಾರ್ರೇ, ಇಷ್ಟು ದೊಡ್ಡ ಕಂಟ್ರಾಕ್ಟು, ಇಂಥ ಮೆಷಿನ್ನಾ?”

ಅವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನಕ್ಕರು. “ಸಾರ್, ಇದನ್ನ ಇಲ್ಲೇ ಬಿಟ್ಟು ಊಟಕ್ಕೆ ಹೋಗ್ತೀನಿ. ಬಂದಾಗ ಇಲ್ಲೇ ಇರುತ್ತೆ. ನಿಮ್ಮ ನೀಲೀದು ಇರುತ್ತಾ?”

ನಾನು ಸುಮ್ಮನಾದೆ. ಅವರು ಮುಂದುವರಿಸಿದರು. “ನಮ್ಮ ಹುಡುಗ ಇದಾನಲ್ಲ, ವೈರ್ ಹಿಡಿದು ಮೆಷಿನ್ ಇಳಿಸ್ತಾನೆ, ಬಾವಿಗೆ ಬಿಂದಿಗೆ ಬಿಟ್ಟಂಗೆ. ಹೇಳಿ ಹೇಳಿ ಸಾಕಾಗಿದೆ. ಒಂದಿನ ಬೀಳುತ್ತೆ. ಬಿದ್ದಾಗ ನನಗೆ ಎದೆ ಒಡೀಬಾರದು. ಇನ್ನು ಮೋಟರಿನೊಳಗಿನ ಆರ್ಮೇಚರ್ ಸುಟ್ಟರೆ ಈ ಕ್ರಾಸಿನ ಹಾರ್ಡ್‌ವೇರ್ ಅಂಗಡೀಲೇ ಸಿಗುತ್ತೆ, ಅರ್ಧ ಗಂಟೇಲಿ ನಾನೇ ಹಾಕ್ತೀನಿ. ದೊಡ್ಡ ಕಂಪನೀದಾದ್ರೆ ಸರ್ವೀಸ್ ಸೆಂಟರ್‌ಗೆ ಕೊಟ್ಟು ಫೋನ್ ಬರಲಿ ಅಂತ ಕೂತ್ಕೋಬೇಕು. ಅಲ್ಲೀಗಂಟ ನನ್ನ ಕೂಲಿ ಯಾರು ಕೊಡ್ತಾರೆ, ನೀವು ಕೊಡ್ತೀರಾ?”

ಅವರ ಮಾತಿನಲ್ಲಿ ಒಂದು ಗುಟ್ಟಿದೆ. ಅವರು ಹಿಡಿದಿದ್ದ ಮಾರ್ಬಲ್ ಕಟರ್ ನಿಜಕ್ಕೂ ಹೆಸರಿಲ್ಲದ್ದಲ್ಲ, ಎರವಲು ಹೆಸರಿನದು. ಜಪಾನಿನ ಹಿಟಾಚಿಯವರ ಒಂದು ಮಾರ್ಬಲ್ ಕಟರ್ ನಮ್ಮ ದೇಶದಲ್ಲಿ ಎಷ್ಟು ಹಬ್ಬಿತೆಂದರೆ, ಅದರ ‘ಸಿಎಂ4’ ಎಂಬ ಮಾಡೆಲ್ ನಂಬರೇ ಒಂದು ಜಾತಿಯ ಹೆಸರಾಗಿಹೋಯಿತು. ಹತ್ತಾರು ಕಂಪನಿಗಳು ಅದೇ ಅಚ್ಚಿನಲ್ಲಿ ಮೆಷಿನ್ ಎರಕಹೊಯ್ದವು. ಹಿಟಾಚಿ ಕೋಕಿ ಎಂಬ ಮೂಲ ಕಂಪನಿ 2018ರಲ್ಲಿ ತನ್ನ ಮೆಷಿನ್ನುಗಳ ಮೇಲಿನ ಹೆಸರನ್ನೇ ಹೈಕೋಕಿ ಎಂದು ಬದಲಿಸಿತು. ನಮ್ಮ ಅಂಗಡಿಗಳಲ್ಲಿ ‘ಸಿಎಂ4 ಆರ್ಮೇಚರ್ ಕೊಡಿ’ ಎಂಬ ಮಾತು ಬದಲಾಗಲಿಲ್ಲ. ಬಾಷ್‌ನ ‘2-26’ ಹ್ಯಾಮರ್ ಡ್ರಿಲ್ಲಿನದೂ ಇದೇ ಕತೆ. ‘ಟೂ-ಟ್ವೆಂಟಿಸಿಕ್ಸ್ ಮಾಡೆಲ್’ ಎಂದರೆ ಸಾಕು, ಯಾವ ಕಂಪನಿ ಎಂದು ಕೇಳದೆ ಬಿಡಿಭಾಗ ಕೈಗಿಡುತ್ತಾರೆ. ಅಂದರೆ ಆಚಾರ್ರು ಕೊಂಡಿರುವುದು ಬರೀ ಅಗ್ಗದ ಮೆಷಿನ್ನಲ್ಲ, ಬೀದಿಬೀದಿಗೂ ರಿಪೇರಿ ಸಿಗುವ ಮೆಷಿನ್. ಅಗ್ಗದಲ್ಲೂ ಎರಡು ಬಗೆ ಎಂದಾಯಿತಲ್ಲ: ಬಿಚ್ಚಿ ಕಟ್ಟಬಹುದಾದ ಅಗ್ಗ, ಬಿಚ್ಚಿದರೆ ಕಸದ ಗಾಡಿಗೇ ಹೋಗುವ ಅಗ್ಗ. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಕಣ್ಣು ಹೊಡೆಯುವುದು ಸಾಮಾನ್ಯವಾಗಿ ಎರಡನೆಯದು.

ಅಷ್ಟು ಹೇಳಿ ಆಚಾರ್ರು ಮೆಷಿನ್ನಿನ ಹಿಂಭಾಗ ನನ್ನ ಕಡೆ ತಿರುಗಿಸಿದರು. ಎರಡೂ ಪಕ್ಕದಲ್ಲಿ ನಾಲ್ಕಾಣೆ ಅಗಲದ ಕಪ್ಪು ಬಿರಡೆ. ಸ್ಕ್ರೂಡ್ರೈವರಿನಿಂದ ಒಂದನ್ನು ಬಿಚ್ಚಿದರು. ಸ್ಪ್ರಿಂಗಿನ ಜೊತೆ ಕರಿಯ ಕಲ್ಲಿನಂಥ ಚೂರೊಂದು ಈಚೆ ಜಿಗಿಯಿತು. ಕಾರ್ಬನ್ ಬ್ರಷ್. ಸವೆದು ಕಿರುಬೆರಳಿನ ಉಗುರಿಗಿಂತ ಚಿಕ್ಕದಾಗಿತ್ತು. ಅಂಗಿಯ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಒಳಗೆ ಕಡ್ಡಿಯಿಲ್ಲ, ಎರಡು ಹೊಸ ಬ್ರಷ್ಷು. ಹಾಕಿ, ಬಿರಡೆ ತಿರುವಿ, ಸ್ವಿಚ್ಚು ಒತ್ತಿದರು. ಗಾಳಿಸಂದಿಯಲ್ಲಿ ಅಲ್ಲಿಯವರೆಗೆ ಕಾಣುತ್ತಿದ್ದ ಕಿಡಿ ಮಾಯ. “ಕಿಡಿ ಜಾಸ್ತಿ ಆಯ್ತು, ಸುಟ್ಟ ವಾಸನೆ ಬಂತು ಅಂದ್ರೆ ಮೊದಲು ಇದನ್ನ ನೋಡ್ಬೇಕು ಸಾರ್. ನೋಡದೆ ಓಡಿಸಿದ್ರೆ ಒಳಗಿನ ಆರ್ಮೇಚರ್ರೇ ಹೋಗುತ್ತೆ. ಮೆಷಿನ್ ಕೊಳ್ಳೋವಾಗ ಈ ಬಿರಡೆ ಇದೆಯಾ ನೋಡಿ. ಇಲ್ಲ ಅಂದ್ರೆ ಇಡೀ ಹೊಟ್ಟೆ ಬಿಚ್ಚಬೇಕು.” ಒಳ್ಳೆಯ ಮೆಷಿನ್ನುಗಳಲ್ಲಿ ಬ್ರಷ್ಷು ಸವೆದಾಗ ತಾನಾಗಿ ನಿಂತುಬಿಡುವ ಏರ್ಪಾಟೂ ಇರುತ್ತದೆ. ‘ಹೊಸ ಮೆಷಿನ್ ಕೆಟ್ಟುಹೋಯ್ತು’ ಎಂದು ಯಜಮಾನರು ಎದೆಬಡಿದುಕೊಳ್ಳುವುದು ಎಷ್ಟೋ ಸಲ ಆಗಲೇ.

ಹಾಗೆಂದು ಆಚಾರ್ರು ಎಲ್ಲದಕ್ಕೂ ಅಗ್ಗ ಎನ್ನುವವರಲ್ಲ. ಒಂದೂವರೆ ಸಾವಿರದ ಮೆಷಿನ್ನಿಗೆ ಅವರು ಹಾಕಿದ್ದ ಬ್ಲೇಡು ಹೆಸರಾಂತ ಕಂಪನಿಯದು. “ಹಲ್ಲು ಗಟ್ಟಿ ಇರಬೇಕು ಸಾರ್, ಮೈ ಹೇಗಿದ್ರೂ ನಡೆಯುತ್ತೆ.” ಯಜಮಾನರದ್ದು ಇದಕ್ಕೆ ತದ್ವಿರುದ್ಧ. ಹತ್ತು ಸಾವಿರದ ಡ್ರಿಲ್ಲು, ಅದರ ಬಾಯಿಗೆ ಫುಟ್‌ಪಾತಿನ ಹತ್ತು ರೂಪಾಯಿಯ ಬಿಟ್ಟು. ಎರಡನೇ ತೂತಿಗೇ ತುದಿ ಮೊಂಡಾಗಿ, ಗೋಡೆ ಕೊರೆಯುವ ಬದಲು ಗೋಡೆಗೆ ಮಸಾಜು. ಆಮೇಲೆ ‘ಈ ಮೆಷಿನ್ ಯಾಕೋ ಎಳೀತಾ ಇಲ್ಲ’ ಎಂದು ದೂರು. ಕುಣಿಯಲಾರದವಳಿಗೆ ನೆಲ ಡೊಂಕು ಸಿಕ್ಕಿತ್ತು. ನಮ್ಮ ಯಜಮಾನರಿಗೆ ಜರ್ಮನಿಯೇ ಸಿಕ್ಕಿದೆ.

ಇನ್ನು ಗೋಡೆಯ ವಿಷಯ. ಅಗ್ಗ-ದುಬಾರಿಯ ಜಗಳದಲ್ಲಿ ಗೋಡೆಯನ್ನು ಯಾರೂ ಮಾತಾಡಿಸುವುದಿಲ್ಲ. ಇಟ್ಟಿಗೆ ಗೋಡೆಗೆ ಎರಡು ಸಾವಿರದ ಇಂಪ್ಯಾಕ್ಟ್ ಡ್ರಿಲ್ಲು ಧಾರಾಳ ಸಾಕು. ಯಜಮಾನರು ಗಡಿಯಾರದ ತೂತು ಕೊರೆದು ಮೀಸೆ ತಿರುವುತ್ತಾರೆ. ಆಮೇಲೆ ಪರದೆಯ ರಾಡಿಗೆಂದು ಕಿಟಕಿಯ ಮೇಲೆ ಬಿಟ್ಟು ಇಡುತ್ತಾರೆ. ಅಲ್ಲಿರುವುದು ಲಿಂಟಲ್ಲು, ಕಬ್ಬಿಣ ಹಾಕಿ ಎರಕಹೊಯ್ದ ಅಪ್ಪಟ ಕಾಂಕ್ರೀಟು. ಮೆಷಿನ್ ಕಿರುಚುತ್ತದೆ, ಗೋಡೆ ಕೆಮ್ಮುವುದೂ ಇಲ್ಲ. ಯಜಮಾನರು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಭುಜ ಕೊಟ್ಟು ಒತ್ತುತ್ತಾರೆ, ಕೆಳಗಿನಿಂದ ಮನೆಯವರು “ಹುಷಾರ್ರೀ” ಎನ್ನುತ್ತಾರೆ, ಬಿಟ್ಟು ಕೆಂಪಗಾಗುತ್ತದೆ, ಮುಖವೂ.

ಇಲ್ಲಿ ಸೋತದ್ದು ಬ್ರ್ಯಾಂಡಲ್ಲ, ಜಾತಿ. ಇಂಪ್ಯಾಕ್ಟ್ ಡ್ರಿಲ್ಲಿನ ಒಳಗೆ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿಕೊಂಡು ಕುಣಿಯುತ್ತವೆ. ನಿಮಿಷಕ್ಕೆ ಹತ್ತಾರು ಸಾವಿರ ಪೆಟ್ಟು, ಒಂದೊಂದೂ ಬೆನ್ನು ತಟ್ಟಿದಷ್ಟೇ. ಪೆಟ್ಟಿನ ಜೋರು ನೀವು ಒತ್ತಿದಷ್ಟು. ರೋಟರಿ ಹ್ಯಾಮರ್ ಬೇರೆಯೇ ಕುಲ. ಅದರೊಳಗೆ ಪಿಸ್ಟನ್ನು ಗಾಳಿಯನ್ನು ಅದುಮಿ, ಆ ಗಾಳಿ ಸುತ್ತಿಗೆಯನ್ನು ಚಿಮ್ಮಿಸಿ, ಸುತ್ತಿಗೆ ಬಿಟ್ಟಿನ ಬೆನ್ನಿಗೆ ಹೊಡೆಯುತ್ತದೆ. ನಿಮಿಷಕ್ಕೆ ನಾಲ್ಕೈದು ಸಾವಿರ ಪೆಟ್ಟೇ, ಆದರೆ ಒಂದೊಂದೂ ಪೆಟ್ಟು. ಬಿಟ್ಟನ್ನು ಚಕ್ಕಿನಲ್ಲಿ ಬಿಗಿಯುವ ಗೋಜಿಲ್ಲ. ತೋಡುಗಳಿರುವ ಹಿಂಭಾಗವನ್ನು ತುರುಕಿದರೆ ಕಟಕ್ ಎಂದು ಕೂರುತ್ತದೆ. ಎಸ್‌ಡಿಎಸ್ ಎಂಬ ಈ ಏರ್ಪಾಟನ್ನು 1975ರಲ್ಲಿ ತಂದವರು ಬಾಷ್. ಕಾಂಕ್ರೀಟಿಗೆ ಅದೇ ಬೇಕು. ಆರು ಸಾವಿರ ಕೊಟ್ಟು ತಂದ ಉತ್ಕೃಷ್ಟ ಇಂಪ್ಯಾಕ್ಟ್ ಡ್ರಿಲ್ಲು ಒದ್ದಾಡುವ ಕಡೆ ನಾಲ್ಕು ಸಾವಿರದ ನಕಲಿ ಟೂ-ಟ್ವೆಂಟಿಸಿಕ್ಸ್ ಸಲೀಸಾಗಿ ಇಳಿದುಹೋಗುತ್ತದೆ. ಇತ್ತೀಚಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಇಟ್ಟಿಗೆಯೇ ಇಲ್ಲ, ಅಲ್ಯುಮಿನಿಯಂ ಫರ್ಮಾ ಕಟ್ಟಿ ಗೋಡೆಗಳನ್ನೂ ಕಾಂಕ್ರೀಟಿನಲ್ಲೇ ಎರೆದಿರುತ್ತಾರೆ. ಅಂಥ ಮನೆ ಕೊಂಡವರು ಬಿಲ್ಡರಿನ ಈಜುಕೊಳದ ಉದ್ದ ಕೇಳುವ ಮೊದಲು ಗೋಡೆ ಯಾತರದ್ದು ಎಂದು ಕೇಳುವುದು ಒಳ್ಳೆಯದು. ಕಾಂಕ್ರೀಟಿನದ್ದಾದರೆ ಗಡಿಯಾರಕ್ಕೂ ಹ್ಯಾಮರೇ ಬೇಕು.

ಅಗ್ಗದ ಪರ ಇಷ್ಟು ವಕಾಲತ್ತು ಮಾಡಿದ ನಾನು ಒಂದು ಕಡೆ ಮಾತ್ರ ಎದುರು ಪಕ್ಷ ಸೇರುತ್ತೇನೆ: ಆ್ಯಂಗಲ್ ಗ್ರೈಂಡರು. ನಾಲ್ಕಿಂಚಿನ ಆ ಪುಟ್ಟ ಮೆಷಿನ್ನು ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗುತ್ತದೆ. ಲೆಕ್ಕ ಹಾಕಿ ನೋಡಿ, ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ, ನಿಮ್ಮ ಹೊಟ್ಟೆಯಿಂದ ಒಂದಡಿ ದೂರದಲ್ಲಿ. ಡ್ರಿಲ್ಲು ಕೆಟ್ಟರೆ ಫೋಟೋ ನೆಲದ ಮೇಲಿರುತ್ತದೆ. ಗ್ರೈಂಡರ್ ಕೆಟ್ಟರೆ ನೀವೇ ಗೋಡೆಯ ಮೇಲಿನ ಫೋಟೋ. ಇಲ್ಲಿ ಅಗ್ಗದ ಮೆಷಿನ್ನಿನ ಗಾರ್ಡು ತಗಡಿನದೋ, ಸ್ವಿಚ್ಚು ಅಂಟಿಕೊಳ್ಳುತ್ತದೋ ಎಂದು ಪರೀಕ್ಷೆ ಮಾಡುತ್ತ ಕೂರಲಾಗದು. ಒಳ್ಳೆಯ ಕಂಪನಿಯದ್ದೇ ತನ್ನಿ, ಡಿಸ್ಕೂ ಒಳ್ಳೆಯದನ್ನೇ ತನ್ನಿ. ಒಳ್ಳೆಯ ಡಿಸ್ಕಿನ ನಡುವಿನ ಲೋಹದ ಉಂಗುರದ ಮೇಲೆ ಎಲ್ಲಿಯವರೆಗೆ ಬಳಸಬಹುದೆಂಬ ದಿನಾಂಕ ಒತ್ತಿರುತ್ತದೆ. ಬ್ರೆಡ್ಡಿನ ಪೊಟ್ಟಣದ ಮೇಲೆ ಓದುತ್ತೀರಲ್ಲ, ಇದನ್ನೂ ಓದಿ. ಗಾರ್ಡು ಬಿಚ್ಚಿ ಎಸೆದು, ಅದಕ್ಕೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಕಟ್ಟುವ ವೀರರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರ ಬೆರಳು ಎಣಿಸಿ ಆಮೇಲೆ ಸಲಹೆ ಕೇಳಿ. ನಮ್ಮ ಆಚಾರ್ರೂ ಪೂರ್ತಿ ಸಾಧುವಲ್ಲ. ಕಲ್ಲು ಕೊಯ್ಯಲು ಹುಟ್ಟಿದ ಮಾರ್ಬಲ್ ಕಟರಿನಲ್ಲಿ ಪ್ಲೈವುಡ್ ಕೊಯ್ಯುವುದು, ಅದನ್ನೇ ಹಲಗೆಗೆ ತಲೆಕೆಳಗಾಗಿ ಬಿಗಿದು ಟೇಬಲ್ ಗರಗಸ ಮಾಡಿಕೊಳ್ಳುವುದು, ಎಲ್ಲ ನಡೆಯುತ್ತದೆ. ಮರ ಕೊಯ್ಯುವ ಸರ್ಕ್ಯುಲರ್ ಸಾ ತಿರುಗುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವೇಗ ಅದರದು. ಅದನ್ನು ಮಾತ್ರ ಅವರಿಂದ ಕಲಿಯಬೇಡಿ.

ಈಗ ವೈರಿಲ್ಲದ ಮೆಷಿನ್ನುಗಳ ಕಾಲ. ಇಲ್ಲಿ ವೋಲ್ಟಿನ ಜಾತ್ರೆ. ಒಬ್ಬ 18 ವೋಲ್ಟ್ ಎನ್ನುತ್ತಾನೆ, ಇನ್ನೊಬ್ಬ 20 ವೋಲ್ಟ್ ಮ್ಯಾಕ್ಸ್ ಎನ್ನುತ್ತಾನೆ. ಎರಡರ ಒಳಗೂ ಸಾಲಾಗಿ ಕೂತಿರುವುದು ಐದು ಲಿಥಿಯಂ ಸೆಲ್ಲು. ದುಡಿಯುವಾಗ ಸೆಲ್ಲಿಗೆ 3.6ರಂತೆ 18, ಆಗಷ್ಟೇ ಚಾರ್ಜಾಗಿ ಮೈಮುರಿಯುವಾಗ 4ರಂತೆ 20. ಅದು ಬಿಡಿ, 48 ಎಂದು ದಪ್ಪಕ್ಷರದಲ್ಲಿ ಬರೆದು ಪಕ್ಕದಲ್ಲಿ ‘ವಿಎಫ್’ ಎಂದು ಇಂಗ್ಲಿಷಿನ ಎರಡಕ್ಷರ ಅಂಟಿಸುವವರೂ ಇದ್ದಾರೆ. ಅದು ವೋಲ್ಟಲ್ಲ, ಮಾಡೆಲ್ಲು ಸಾರ್ ಎಂಬ ಉತ್ತರ ರೆಡಿಯಿರುತ್ತದೆ. ಒಳಗೆ ಮತ್ತದೇ ಐದು ಸೆಲ್ಲು. ಬ್ಯಾಟರಿ ಮೆಷಿನ್ ಕೊಳ್ಳುವುದೆಂದರೆ ಸಂಬಂಧ ಬೆಳೆಸಿದ ಹಾಗೆ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದು ಕಂಪನಿಯ ಮೆಷಿನ್ನಿಗೆ ಕೂರುವುದಿಲ್ಲ, ನಾಳೆ ಗ್ರೈಂಡರ್, ನಾಡಿದ್ದು ಬ್ಲೋವರ್, ಎಲ್ಲಕ್ಕೂ ಅದೇ ಬೀಗರ ಮನೆಗೇ ಹೋಗಬೇಕು. ಸ್ಕ್ರೂ ಬಿಗಿಯುವುದೊಂದೇ ಕೆಲಸವಾದರೆ ಚಿಕ್ಕ 12 ವೋಲ್ಟಿನದು ತಂದು ಸುಖವಾಗಿರಿ.

ರಿಪೇರಿಯ ಮಹಿಮೆ ಪೇಟೆಯವರಿಗಿಂತ ಮೊದಲು ಅರಿತವರು ಮಲೆನಾಡಿನ ತೋಟದವರು. ಮಳೆ ಹಿಡಿದು ಕಳೆ ಸೊಂಟದೆತ್ತರ ಬೆಳೆದಾಗ, ಆಳು ಸಿಗದ ಹೊತ್ತಿನಲ್ಲಿ, ವೀಡ್ ಕಟರ್ ಕೆಟ್ಟು ಕೂತರೆ ಏನು ಪಾಡು ಎಂದು ಅವರಿಗೆ ಗೊತ್ತು. ಅವರು ಎಷ್ಟು ಸಿಸಿ ಎಂದು ಕೇಳುವುದು ಆಮೇಲೆ. ಮೊದಲ ಪ್ರಶ್ನೆ: “ಸ್ಪೇರ್ ತೀರ್ಥಹಳ್ಳೀಲಿ ಸಿಗುತ್ತಾ, ಶಿವಮೊಗ್ಗಕ್ಕೇ ಹೋಗ್ಬೇಕಾ?” ಇಡೀ ಯೂಟ್ಯೂಬಿನಲ್ಲಿ ಇಷ್ಟು ಬುದ್ಧಿವಂತ ಪ್ರಶ್ನೆ ಇನ್ನೊಂದಿಲ್ಲ.

ಇನ್ನೊಂದು ತುದಿ ನೋಡಿ. ಮೆಟ್ರೋ, ಫ್ಲೈಓವರ್‌ಗಳಂಥ ಭಾರಿ ಕಾಮಗಾರಿ ಮಾಡುವವರಿಗೆ ಲಿಕ್ಟೆನ್‌ಸ್ಟೈನ್ ಎಂಬ ಅಂಗೈಯಗಲದ ದೇಶದ ಹಿಲ್ಟಿ ಕಂಪನಿ ತನ್ನ ಕೆಂಪು ಮೆಷಿನ್ನುಗಳನ್ನು ತಿಂಗಳ ಬಾಡಿಗೆಗೇ ಕೊಡುತ್ತದೆ; ಕೆಟ್ಟರೆ ರಿಪೇರಿ ಅವರದೇ. ಎಲ್ಲರಿಗಿಂತ ದೊಡ್ಡವನು ಕೊಳ್ಳುವುದೇ ಇಲ್ಲ, ದಿನಗೂಲಿಯವನು ಅಗ್ಗದ್ದು ಕೊಳ್ಳುತ್ತಾನೆ. ದುಬಾರಿಯದ್ದನ್ನು ಪೂರ್ತಿ ಕಾಸು ಎಣಿಸಿ, ಸ್ವಂತಕ್ಕೆ ಕೊಂಡು, ಅಟ್ಟಕ್ಕೇರಿಸುವ ಪುಣ್ಯಾತ್ಮ ನಡುವಿನ ನಮ್ಮ ಯಜಮಾನರೊಬ್ಬರೇ. ಇಪ್ಪತ್ತು ಮನೆಯ ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ಡ್ರಿಲ್ಲು, ಅದರ ಮೇಲೆ ‘ಮಧ್ಯಾಹ್ನ ಎರಡರಿಂದ ನಾಲ್ಕು ಸದ್ದು ಮಾಡಬಾರದು, ಭಾನುವಾರ ಮಾಡಲೇಬಾರದು’ ಎಂಬ ಅಸೋಸಿಯೇಷನ್ ಫರ್ಮಾನು. ಮಹಡಿಗೊಂದು ಹ್ಯಾಮರ್ ಇಟ್ಟುಕೊಂಡರೆ ಸಾಲದೇ? ಸಾಲುತ್ತದೆ. ಆದರೆ ಎರವಲು ಹೋದ ಡ್ರಿಲ್ಲು ಬಿಟ್ಟಿಲ್ಲದೆ ಮರಳುತ್ತದೆ, ಚಕ್ಕಿನ ಕೀ ಮರಳುವುದೇ ಇಲ್ಲ ಎಂಬುದು ಸಕಲರ ಅನುಭವ. ಹಾಗಾಗಿ ಇಪ್ಪತ್ತೂ ಮೆಷಿನ್ನು ಆಯುಧಪೂಜೆಯ ದಿನವಷ್ಟೇ ಅಟ್ಟದಿಂದಿಳಿದು ಗಂಧ, ಹೂವು, ಕುಂಬಳಕಾಯಿಯ ಗೌರವ ಪಡೆದು ಮತ್ತೆ ಏರುತ್ತವೆ. ಪೂಜೆ ಮಾಡಿ, ಬೇಡ ಎನ್ನುವುದಿಲ್ಲ. ಗಾಳಿಸಂದಿಯೊಳಗೆ ಮಾತ್ರ ಕುಂಕುಮ ಹಾಕಬೇಡಿ, ಮೋಟರಿಗೆ ಭಕ್ತಿ ಜೀರ್ಣವಾಗುವುದಿಲ್ಲ.

ಕೊನೆಗೆ ಯಾವುದು ತರಬೇಕು ಎನ್ನುತ್ತೀರಾ? ವರ್ಷಕ್ಕೆ ನಾಲ್ಕು ತೂತಾದರೆ ಅಗ್ಗದ್ದು, ಬಿಟ್ಟು ಮಾತ್ರ ಒಳ್ಳೆಯದು. ಕಾಂಕ್ರೀಟಾದರೆ ಹ್ಯಾಮರ್, ಕಂಪನಿ ಯಾವುದಾದರೂ ಸರಿ. ಒಂದೇ ದಿನದ ಒಡೆಯುವ ಕೆಲಸವಾದರೆ ಬ್ರೇಕರ್ ಬಾಡಿಗೆಗೆ. ಬೆರಳಿಗೆ ಅಪಾಯವಿರುವುದಾದರೆ ಜಿಪುಣತನ ಬೇಡ. ದಿನಾ ದುಡಿಯುವವರಿಗೆ ಹೇಳಿಕೊಡಲು ನಾನ್ಯಾರು, ಅವರ ಜೇಬಿನ ಬೆಂಕಿಪೊಟ್ಟಣದಲ್ಲಿರುವಷ್ಟು ಬುದ್ಧಿ ನನ್ನ ಪುಸ್ತಕದ ಕಪಾಟಿನಲ್ಲಿಲ್ಲ. ಯಾವುದೇ ಆಗಲಿ, ದುಡ್ಡು ಎಣಿಸುವ ಮೊದಲು ಅಂಗಡಿಯವನನ್ನು ಒಂದು ಮಾತು ಕೇಳಿ: “ಇದರ ಕಾರ್ಬನ್ ಬ್ರಷ್ಷು, ಆರ್ಮೇಚರ್ರು ನಿಮ್ಮಲ್ಲಿ ಇದೆಯಾ?” ಅವನು ಹಿಂದಿನ ಸಾಲಿಗೆ ಕೈಹಾಕಿ ತೆಗೆದು ತೋರಿಸಿದರೆ ಧೈರ್ಯವಾಗಿ ಕೊಳ್ಳಿ, ಕೆಂಪಾಗಲಿ, ಹಳದಿಯಾಗಲಿ, ಬಣ್ಣವೇ ಇಲ್ಲದಿರಲಿ. “ಅಯ್ಯೋ, ಇದು ಹೋಗೋದೇ ಇಲ್ಲ ಸಾರ್!” ಎಂದನೋ, ಮೆಷಿನ್ ಹೋಗುವ ಮೊದಲು ನೀವು ಅಲ್ಲಿಂದ ಹೋಗಿ.